ಚಿಗವ್ವ ನುಂಗಿದ ಗುಳಿಗೆ

ಮೊನ್ನೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೇಳಿ ನಿಂತಿದ್ದೆ. ಪಕ್ಕಕ್ಕೆ ಒಬ್ಬ ಹೆಂಗಸು ಬಂದು ನಿಂತಳು. ಅವಳ ಮುಖ ನೋಡುವ ಮೊದಲೇ ಅವಳ ಕಾಲಿನ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಭತ್ತದ ಸಸಿಮಡಿಯ ಕೆಸರು ಅದು. ನಿಂತ ನೀರು, ಗೊಬ್ಬರ, ಕೊಳೆತ ಬೇರು ಎಲ್ಲ ಸೇರಿದ ಆ ವಾಸನೆ ಕಾಲುವೆ ಊರುಗಳಲ್ಲಿ ಬೆಳೆದವರಿಗೆ ಸಾಯುವತನಕ ನೆನಪಿರುತ್ತದೆ.

"ಅಣ್ಣಾ, ಮುಟ್ಟು ಮುಂದ ಹಾಕೋ ಗುಳಿಗಿ ಕೊಡು. ನಮ್ಮ ಗುಂಪಿಗೆಲ್ಲ ಬೇಕಾಗ್ಯಾವ" ಎಂದಳು.

ಅಂಗಡಿಯವನು ಯಾರಿಗೆ, ಎಷ್ಟು ದಿನಕ್ಕೆ ಎಂದು ಕೇಳಲೂ ಇಲ್ಲ, ತಲೆ ಎತ್ತಲೂ ಇಲ್ಲ. ಬಿಸ್ಕೀಟು ಕೊಟ್ಟಷ್ಟು ಸಲೀಸಾಗಿ ಗುಳಿಗೆಯ ಪಟ್ಟಿಗಳನ್ನು ಗಾಜಿನ ಮೇಲೆ ಸರಿಸಿದ. ಸಣ್ಣ, ಬಿಳಿ ಗುಳಿಗೆಗಳು. ಎಷ್ಟೋ ವರ್ಷಗಳ ನಂತರ ಚಿಗವ್ವ ನೆನಪಾದಳು... ಮರೆತಿದ್ದೆ ಎಂದಲ್ಲ. ಆದರೆ ಅಷ್ಟು ಹತ್ತಿರ ಬಂದು ನಿಂತಿರಲಿಲ್ಲ.

ಚಿಗವ್ವ ನಮಗೆ ರಕ್ತಸಂಬಂಧಿಯೇನಲ್ಲ. ರಂಗಂಪೇಟೆ ದಾಟಿ ಕಾಲುವೆ ದಂಡೆ ಹಿಡಿದು ಹೋದರೆ ಸಿಗುವ ನಮ್ಮ ಊರಿನಲ್ಲಿ, ನಮ್ಮ ಮನೆಗೆ ಅಂಟಿಕೊಂಡ ಮನೆಯ ಸೊಸೆ. ಅವ್ವ ಅವಳನ್ನು ತಂಗಿ ಎನ್ನುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ತಿಂಥಣಿ ಕಡೆಯವಳು. ಹೊಳೆ ನೋಡಿ ಬೆಳೆದವಳಿಗೆ ನಮ್ಮ ಕಾಲುವೆ ಕಂಡರೆ ತಾತ್ಸಾರ. "ಇದೇನು ಹೊಳಿಯೇನು? ಯಾರೋ ಬಿಟ್ರ ಬರತದ, ಯಾರೋ ಮುಚ್ಚಿದ್ರ ನಿಲ್ತದ" ಎಂದು ಮೂಗು ಮುರಿಯುತ್ತಿದ್ದಳು. ಅವಳ ಗಂಡನಿಗೆ ಅದೇ ಕಾಲುವೆಯ ಗೇಟು ಕಾಯುವ ಕೆಲಸ. ಮೇಲಿನಿಂದ ಹೇಳಿಕಳಿಸಿದಾಗ ಗೇಟು ಎತ್ತುವುದು, ಇಳಿಸು ಎಂದಾಗ ಇಳಿಸುವುದು. ಅವನಿಗೆ ನಾನು ಕಾಕಾ ಎನ್ನುತ್ತಿದ್ದೆ. ಮಾತು ಕಡಿಮೆ. "ನಿಮ್ಮ ಕಾಕಾಗ ಬಾಯಿಗೂ ಒಂದು ಗೇಟ್ ಹಾಕ್ಯಾರ ನೋಡು, ಅದರ ಕೀಲಿ ಎಲ್ಲಿ ಒಗದಾರೋ" ಎಂದು ಚಿಗವ್ವ ಅವನ ಎದುರಿಗೇ ನಗುತ್ತಿದ್ದಳು. ಅವನೂ ಮೀಸೆಯಲ್ಲೇ ನಗುತ್ತಿದ್ದ.

ನನ್ನ ತಲೆ ಬಾಚುವುದು ಅವಳ ಕೆಲಸ. ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದಳೆಂದರೆ ಶಾಲೆಯಲ್ಲಿ ಇಡೀ ದಿನ ಹುಬ್ಬು ಮೇಲೇರಿಸಿಕೊಂಡೇ ಕೂರಬೇಕು. ಬೆಳಗ್ಗೆ ಗೋಡೆಯ ಆಚೆಯಿಂದ "ಏ ಹುಡುಗೀ" ಎಂದು ಕರೆಯುವಳು. ನಾನು "ಓ" ಎನ್ನುವ ತನಕ ಬಿಡುವವಳಲ್ಲ. ಕೇಳಿಸಿದರೂ ಸುಮ್ಮನಿದ್ದು ಅವಳನ್ನು ಸತಾಯಿಸುವುದು ನನ್ನ ಆಟ. ಅವಳ ದನಿ ಏರುತ್ತ ಏರುತ್ತ ಓಣಿಯ ನಾಯಿಗಳೆಲ್ಲ ಏಳುವಂತಾದಾಗ ಓ ಎನ್ನುತ್ತಿದ್ದೆ.

ಮದುವೆಯಾಗಿ ವರ್ಷಗಳು ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಇದು ಊರಿಗೆ ಗೊತ್ತಿದ್ದ ಸಂಗತಿ ಮಾತ್ರವಲ್ಲ, ಊರು ಪ್ರತಿ ತಿಂಗಳೂ ಹೊಸದಾಗಿ ತಿಳಿದುಕೊಳ್ಳುತ್ತಿದ್ದ ಸಂಗತಿ. ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗಿನ ಕಟ್ಟೆಯ ಮೂಲೆಯಲ್ಲಿ ಕೂರಬೇಕು. ಗೋಣಿತಟ್ಟು, ಒಂದು ತಂಬಿಗೆ, ಒಂದು ತಾಟು. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಕಾಣಬೇಕು. "ಈ ತಿಂಗಳೂ ಹೊರಗ ಕುಂತಾಳ" ಎಂದು ಅವಳ ಅತ್ತೆ ಬಾಗಿಲಲ್ಲಿ ನಿಂತು ಓಣಿಗೆ ಕೇಳುವಂತೆ ಹೇಳುತ್ತಿದ್ದಳು. ಆ ಮುದುಕಿಯ ನಾಲಿಗೆಯನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಒಂದು ದಿನ ನಮ್ಮ ಅವ್ವನ ಎದುರಿಗೇ ಹೇಳಿಬಿಟ್ಟಳು: "ಈ ಸುಗ್ಗಿ ತನಕ ನೋಡ್ತೀನಿ. ಇಲ್ಲಾಂದ್ರ ನನ್ನ ಮಗಗ ಇನ್ನೊಂದು ಹೆಣ್ಣು ತರತೀನಿ. ಹುಡುಗಿನೂ ನೋಡಿಟ್ಟೀನಿ." ಕಟ್ಟೆಯ ಮೂಲೆಯಲ್ಲಿದ್ದ ಚಿಗವ್ವ ಅಂದು ನಗಲಿಲ್ಲ. ತಾಟಿನಲ್ಲಿದ್ದ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕೂತಳು, ಒಂದನ್ನೂ ಬಾಯಿಗೆ ಹಾಕಲಿಲ್ಲ.

ಕಾಲುವೆ ಬಂದ ಹೊಸತು ಅದು. ಜೋಳ, ತೊಗರಿ, ಶೇಂಗಾ ಬೆಳೆಯುತ್ತಿದ್ದ ಕರಿ ನೆಲ ನೋಡನೋಡುತ್ತಲೇ ಭತ್ತದ ಗದ್ದೆಯಾಗಿತ್ತು. ಆಂಧ್ರದ ಕಡೆಯಿಂದ ಬಂದವರು ಹೊಲಗಳನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಹಿಡಿದು ದಂಡೆಯುದ್ದಕ್ಕೂ ಕ್ಯಾಂಪು ಕಟ್ಟಿಕೊಂಡಿದ್ದರು. ನಾಟಿಗೆ ನಮ್ಮ ಹೆಂಗಸರು ಬೇಕು. ನೀರು ಬಿಟ್ಟಾಗಲೇ ನಾಟಿ ಮುಗಿಯಬೇಕು, ಆದ್ದರಿಂದ ಗುಂಪಿನಲ್ಲಿ ಒಬ್ಬಳು ತಪ್ಪಿದರೂ ಮಾಲೀಕರಿಗೆ ಸಿಟ್ಟು. ಅದೇ ಮಾಲೀಕರಿಗೆ ಇನ್ನೊಂದು ನಂಬಿಕೆ: ಮುಟ್ಟಾದವಳು ಸಸಿಮಡಿಗೆ ಇಳಿದರೆ ಸಸಿ ಸುಟ್ಟುಹೋಗುತ್ತದೆ. ಬರಲೇಬೇಕು, ಆದರೆ ಮುಟ್ಟಾಗಿರಬಾರದು. ಇದಕ್ಕೆ ದಾರಿ ಕಂಡುಹಿಡಿದವಳು ನಾಟಿಯ ಗುಂಪು ಕಟ್ಟುತ್ತಿದ್ದ ಹೆಂಗಸು. ರಂಗಂಪೇಟೆಯಿಂದ ಗುಳಿಗೆ ತಂದು ಸೆರಗಿನಲ್ಲಿ ಕಟ್ಟಿಕೊಂಡು, ಬದುವಿನ ಮೇಲೆ ನಿಂತು ಎಲೆಯಡಿಕೆ ಹಂಚಿದಂತೆ ಹಂಚುತ್ತಿದ್ದಳು. ನಮ್ಮ ಅವ್ವನೂ ನುಂಗಿದ್ದಾಳೆ. ನಾಟಿ ಮುಗಿದ ಮೇಲೆ ಬಿಟ್ಟರೆ ಮುಟ್ಟು ಬರುತ್ತದೆ, ಮುಗಿಯಿತು.

ಚಿಗವ್ವ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎನ್ನುವುದನ್ನು ಅವಳು ಆಮೇಲೆ ನಮ್ಮ ಅವ್ವನಿಗೆ ಹೇಳಿದಳು, ಅವ್ವ ನನಗೆ ಹೇಳಿದಳು. ನಾಟಿ ಮಾಡುತ್ತ ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಅವಳಿಗೆ ಹೊಳೆದಿತ್ತಂತೆ. ಮಡಿಯಲ್ಲಿ ನೀರು ನಿಂತರೆ ತಾನೆ ಸಸಿ ಬೇರು ಬಿಡುವುದು? ಹರಿದುಹೋದರೆ ಏನು ನಿಲ್ಲುತ್ತದೆ? ತನ್ನ ಒಡಲಿನದ್ದು ತಿಂಗಳಾ ತಿಂಗಳಾ ಹರಿದುಹೋಗುತ್ತಿದೆ, ಅದಕ್ಕೇ ಮಗು ನಿಲ್ಲುತ್ತಿಲ್ಲ. ಈ ಗುಳಿಗೆ ಅದನ್ನು ತಡೆಯುತ್ತದೆ. ತಡೆದರೆ ಒಳಗೇ ನಿಂತು ಕೂಸಾಗುತ್ತದೆ. ಗೇಟು ಕಾಯುವವನ ಹೆಂಡತಿ ಹೀಗಲ್ಲದೆ ಇನ್ನು ಹೇಗೆ ಯೋಚಿಸಿಯಾಳು? ಬಸಿರಾದವರಿಗೆ ಮುಟ್ಟು ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅವಳು ಅದನ್ನೇ ಹಿಂದುಮುಂದಾಗಿ ಹಿಡಿದಳು, ಮುಟ್ಟು ನಿಲ್ಲಿಸಿದರೆ ಬಸಿರಾಗುತ್ತದೆ ಎಂದು. ಸಂತೆಗೆ ಹೋದಾಗ ತಾನೇ ಗುಳಿಗೆ ತಂದು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಬಚ್ಚಿಟ್ಟು, ಯಾರಿಗೂ ಹೇಳದೆ ದಿನಾ ನುಂಗತೊಡಗಿದಳು.

ಒಂದು ತಿಂಗಳು ಕಟ್ಟೆಯ ಮೂಲೆ ಖಾಲಿ ಉಳಿಯಿತು. ಇನ್ನೊಂದು ತಿಂಗಳೂ ಖಾಲಿ. ಮುದುಕಿ ಬಾಗಿಲಲ್ಲಿ ನಿಂತು ಓಣಿಗೆ ಹೇಳಲು ಏನೂ ಇಲ್ಲದೆ ಒಳಗೆ ಹೋದಳು. ಚಿಗವ್ವನಿಗೆ ವಾಕರಿಕೆ ಬಂತು, ಎದೆ ಬಿಗಿಯಿತು, ಹೊಟ್ಟೆ ಉಬ್ಬರಿಸಿತು. ಇವೆಲ್ಲ ಆ ಗುಳಿಗೆಯೇ ಮಾಡಬಲ್ಲ ಕೆಲಸಗಳೆಂದು ಅಂದು ಯಾರಿಗೆ ಗೊತ್ತಿತ್ತು? ಮುದುಕಿ ಸೊಸೆಗೆ ತುಪ್ಪ ಹಾಕಿ ಬಡಿಸತೊಡಗಿದಳು. ನೀರಿನ ಕೊಡ ಎತ್ತಬೇಡ ಎಂದಳು. ನರ್ಸಮ್ಮ ಊರಿಗೆ ಬಂದಾಗ, ಈಗಲೇ ತೋರಿಸಿದರೆ ಕಣ್ಣು ಬೀಳುತ್ತದೆ ಎಂದು ಸೊಸೆಯನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದಳು. ಚಿಗವ್ವ ಗೋಡೆಯ ಆಚೆಯಿಂದ ನನ್ನನ್ನು ಕರೆಯುವ ದನಿಯೇ ಬೇರೆಯಾಗಿತ್ತು. ನಾನು ಸತಾಯಿಸದೆ ಮೊದಲ ಕರೆಗೇ ಓ ಎನ್ನುತ್ತಿದ್ದೆ.

ನಮ್ಮ ಕಡೆ ಬಸುರಿಗೆ ಎಲ್ಲರನ್ನೂ ಕರೆದು ಮಾಡುವ ಕುಬಸಕ್ಕೂ ಮೊದಲು, ತವರಿನವರು ಮನೆಮಟ್ಟಿಗೆ, ಸದ್ದಿಲ್ಲದೆ ಮಾಡುವ ಕಳ್ಳ ಕುಬಸ ಎಂದು ಒಂದಿದೆ. ಐದನೆಯ ತಿಂಗಳಿಗೆ ತಿಂಥಣಿಯಿಂದ ಅವಳ ತಾಯಿ ಬಂದಳು. ಹಸಿರು ಸೀರೆ, ಹಸಿರು ಬಳೆ, ಡಬ್ಬಿ ತುಂಬ ಕರ್ಚಿಕಾಯಿ. ಬಾಗಿಲು ಮುಚ್ಚಿ ನಾಲ್ಕೈದು ಹೆಂಗಸರು ಆರತಿ ಮಾಡಿದರು. ನನ್ನ ಲಕ್ಷ್ಯವೆಲ್ಲ ಕರ್ಚಿಕಾಯಿ ಮೇಲೆ. ಆದರೂ ಆ ದಿನದ ಅವಳ ಮುಖ ನೆನಪಿದೆ. ಹಾಗೆ ಬೆಳಗಿದ ಮುಖವನ್ನು ನಾನು ಮತ್ತೆ ಕಂಡಿಲ್ಲ. ಮುದುಕಿ ತನ್ನ ಕೈಯಾರೆ ಸೊಸೆಯ ಬಾಯಿಗೆ ಸಿಹಿ ಇಟ್ಟು, "ನಿನ್ನ ಬಾಳಾ ಅಂದೀನವ್ವ, ಮನಸ್ಸಿನಾಗ ಇಟಗೊಬ್ಯಾಡ" ಎಂದಳು. ಚಿಗವ್ವ ಅಳುತ್ತ ನಗುತ್ತ ಎರಡನ್ನೂ ಒಟ್ಟಿಗೇ ಮಾಡಿದಳು.

ಆ ಆರತಿಯ ಮರುದಿನದಿಂದ ಅವಳು ಗುಳಿಗೆ ಬಿಟ್ಟಳು. ಸಸಿ ಬೇರು ಕಚ್ಚಿದ ಮೇಲೆ ಗದ್ದೆಯ ನೀರು ಬಸಿದು ಬಿಡುತ್ತಾರಲ್ಲ... ಇನ್ನು ಕೂಸು ಗಟ್ಟಿಯಾಗಿದೆ, ಗುಳಿಗೆ ಬೇಕಿಲ್ಲ ಎಂದುಕೊಂಡಳು.

ಕೆಲವೇ ದಿನಗಳಲ್ಲಿ ರಕ್ತ ಹೋಗತೊಡಗಿತು. ಸುಮ್ಮನೆ ಮುಟ್ಟಿನಂತಲ್ಲ. ತಿಂಗಳುಗಟ್ಟಲೆ ತಡೆದಿಟ್ಟಿದ್ದು. ಹಸಿರು ಸೀರೆಯಲ್ಲೇ ಅವಳನ್ನು ಜೀಪಿನಲ್ಲಿ ಮಲಗಿಸಿದರು. ನಮ್ಮ ಅವ್ವ ಜೊತೆಗೆ ಹತ್ತಿದಳು. ದಾರಿಯಲ್ಲಿ ಅವ್ವನ ಕೈ ಹಿಡಿದು ಚಿಗವ್ವ ಎಲ್ಲ ಹೇಳಿದ್ದು ಆಗಲೇ. ಪಟ್ಟಣದ ಖಾಸಗಿ ದವಾಖಾನೆಯೊಂದರಲ್ಲಿ ಅವ್ವ ಗುಳಿಗೆಯ ವಿಷಯವನ್ನು ಡಾಕ್ಟರರಿಗೆ ಒಂದೂ ಬಿಡದೆ ಹೇಳಿದಳು.

"ಕಂಡ ಕಂಡ ಗುಳಿಗಿ ನುಂಗಿ ಗರ್ಭಚೀಲ ಕೆಡಿಸ್ಕೊಂಡಾಳ. ಬಿಟ್ರ ಕ್ಯಾನ್ಸರ್ ಆಗ್ತದ. ತಗದುಬಿಟ್ರ ಜೀವ ಉಳೀತದ. ಜಲ್ದಿ ಹೇಳ್ರಿ" ಎಂದರಂತೆ ಡಾಕ್ಟರು.

ಕೂಸು ಇತ್ತೇ ಎಂದು ಕಾಕಾ ಕೇಳಿದ. ಇರಲೇ ಇಲ್ಲ ಎಂದರು. ಅವನು ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದ. ಅವನ ಹೆಬ್ಬೆಟ್ಟನ್ನು ಯಾರೋ ಹಿಡಿದು ಒತ್ತಿಸಿಕೊಂಡರು. ಚಿಗವ್ವನನ್ನು ಯಾರೂ ಕೇಳಲಿಲ್ಲ.

ಆಪರೇಷನ್ ಮುಗಿದ ಮೇಲೆ ಉಕ್ಕಿನ ತಟ್ಟೆಯೊಂದನ್ನು ಹೊರಗೆ ತಂದು ಮನೆಯವರಿಗೆ ತೋರಿಸಿದರಂತೆ, ನಾವು ಮೋಸ ಮಾಡಿಲ್ಲ, ನೋಡಿಕೊಳ್ಳಿ ಎನ್ನುವ ಹಾಗೆ. ಕಾಕಾ ಮುಖ ತಿರುಗಿಸಿದ. ನೋಡಿದವಳು ನಮ್ಮ ಅವ್ವ. "ಚೀಲ ಒಂದೇ ಅಲ್ಲವ್ವ, ಅದರ ಎರಡೂ ಬಾಜೂಕ ಬದಾಮಿಯಂಥವು ಎರಡು ಇದ್ದವು" ಎಂದು ಅವಳು ನನಗೆ ಹೇಳಿದ್ದು ನಾನು ಕಾಲೇಜು ಸೇರಿದ ಮೇಲೆ. ಹಸಿರು ಬಳೆಗಳನ್ನು ದವಾಖಾನೆಯಲ್ಲಿ ಬಿಚ್ಚಿಸಿದ್ದರು. ಅವನ್ನು ಅವ್ವ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಳು. ಯಾರಿಗೆ ಕೊಡಬೇಕೆಂದು ತಿಳಿಯದೆ ಅವು ನಮ್ಮ ಮನೆಯ ಗೂಡಿನಲ್ಲೇ ಉಳಿದವು.

ಆಗ ಚಿಗವ್ವನಿಗೆ ಮೂವತ್ತೂ ತುಂಬಿರಲಿಲ್ಲ.

ಇಂದು ನಾನು ಜೀವಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಪ್ರತಿ ವರ್ಷ ಆ ಪಾಠ ಬರುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತದ ಮೂಲಕ ಅಂಡಾಶಯಕ್ಕೆ ಹಾರ್ಮೋನು ಕಳಿಸುತ್ತದೆ. ಅಂಡಾಶಯದಲ್ಲಿ ಒಂದು ಅಂಡ ಮಾಗತೊಡಗುತ್ತದೆ. ಮಾಗುತ್ತ ಅದರ ಕೋಶ ಈಸ್ಟ್ರೋಜನ್ ಸುರಿಸುತ್ತದೆ, ಗರ್ಭಕೋಶ ಒಳಗೊಳಗೇ ಮೆತ್ತನೆಯ ಹಾಸಿಗೆ ಹಾಸಿಕೊಳ್ಳುತ್ತದೆ. ಅಂಡ ಹೊರಬಿದ್ದ ಮೇಲೆ ಉಳಿದ ಕೋಶ ಪ್ರೊಜೆಸ್ಟರಾನ್ ಕೊಟ್ಟು ಆ ಹಾಸಿಗೆಯನ್ನು ಕಾಯುತ್ತದೆ. ಅಂಡ ಫಲಿಸದಿದ್ದರೆ ಕೋಶ ಬಾಡುತ್ತದೆ, ಹಾಸಿಗೆ ಕಳಚಿ ಹರಿದುಹೋಗುತ್ತದೆ. ಅದೇ ಮುಟ್ಟು. ಚಿಗವ್ವ ನುಂಗಿದ್ದು ಪ್ರೊಜೆಸ್ಟರಾನಿನಂಥದ್ದೇ ಒಂದು ಗುಳಿಗೆ. ಅದು ಹಾಸಿಗೆಯನ್ನು ಕಳಚಲು ಬಿಡುವುದಿಲ್ಲ. ದಿನಾ ನುಂಗುತ್ತ ಹೋದರೆ ಮೇಲಿನ ಗ್ರಂಥಿಗೂ ಸುಮ್ಮನಿರು ಎಂದು ಹೇಳುತ್ತದೆ, ಅಂಡ ಮಾಗಿ ಹೊರಬರುವುದೇ ನಿಲ್ಲುತ್ತದೆ. ಮಗು ನಿಲ್ಲಲಿ ಎಂದು ಅವಳು ನುಂಗಿದ್ದೇ ಮಗುವಿನ ಬೀಜ ಏಳದಂತೆ ಮಾಡಿತ್ತು.

ಬಿಟ್ಟ ಮೇಲೆ ಅಷ್ಟು ರಕ್ತ ಹೋದದ್ದು ಹೆದರಿಕೆಯ ಸಂಗತಿಯೇ. ರಕ್ತ ಏರಿಸಬೇಕಿತ್ತು, ನಿಲ್ಲುವ ಔಷಧಿ ಕೊಡಬೇಕಿತ್ತು, ಕಾದು ನೋಡಬೇಕಿತ್ತು. ಅವ್ವ ಕಂಡ ಆ ಬದಾಮಿಗಳು, ಅವಳ ಅಂಡಾಶಯಗಳು, ಕೆಟ್ಟಿದ್ದವೆಂದು ನಾನು ಇಂದಿಗೂ ನಂಬಿಲ್ಲ. ಗುಳಿಗೆ ನಿಂತಿತ್ತು, ಮೇಲಿನಿಂದ ಕರೆ ಬಂದರೆ ಇನ್ನೊಂದೆರಡು ತಿಂಗಳಲ್ಲಿ ಅವು ಮತ್ತೆ ಏಳುತ್ತಿದ್ದವು. ಆ ಎರಡು ತಿಂಗಳನ್ನು ಅವಳಿಗೆ ಯಾರೂ ಕೊಡಲಿಲ್ಲ.

ಮುದುಕಿ ಹೇಳಿದಂತೆಯೇ ಮಾಡಿದಳು. ಹೊಸ ಸೊಸೆ ಬಂದಳು. ಕಾಕಾ ಬೇಡವೆನ್ನಲಿಲ್ಲ, ತನ್ನ ಬಾಯಿಯ ಗೇಟನ್ನು ಅಂದೂ ಎತ್ತಲಿಲ್ಲ. ಕಟ್ಟೆಯ ಮೂಲೆಯಲ್ಲಿ ಈಗ ಹೊಸಬಳು ಕೂರುತ್ತಿದ್ದಳು, ಚಿಗವ್ವ ಅವಳಿಗೆ ತಾಟು ಕೊಡುತ್ತಿದ್ದಳು. ಚಿಗವ್ವನಿಗೆ ತಿಂಗಳ ಮೂರು ದಿನದ ಕೂರುವಿಕೆಯೂ ಇಲ್ಲವಾಯಿತು. ಅವಮಾನದ್ದಾದರೂ ಅದೊಂದೇ ಅವಳಿಗಿದ್ದ ರಜೆ. ನಾಟಿಯ ಗುಂಪಿನಲ್ಲಿ ಅವಳಿಗೆ ಭಾರಿ ಬೇಡಿಕೆ. "ನಿನಗ ಗುಳಿಗಿ ತಕ್ಲೀಫೂ ಇಲ್ಲ ನೋಡವ್ವ" ಎಂದು ಗುಂಪು ಕಟ್ಟುವ ಹೆಂಗಸು ಎಲ್ಲರೆದುರು ಹೊಗಳುತ್ತಿದ್ದಳು. ಚೀಲ ತೆಗೆಸಿಬಿಟ್ಟರೆ ನಮಗೂ ಕಾಟ ತಪ್ಪುತ್ತದೆ ಎಂದು ಮಕ್ಕಳಾದ ಹೆಂಗಸರು ಮಾತಾಡತೊಡಗಿದರು. ಕೆಲವರು ತೆಗೆಸಿಯೂ ಬಂದರು.

ಆಮೇಲೆ ಅವಳ ಮೈಯಲ್ಲಿ ಬೆಂಕಿ ಶುರುವಾಯಿತು. ಪುಷ್ಯಮಾಸದ ಚಳಿಯಲ್ಲಿ ನಾವೆಲ್ಲ ಕಂಬಳಿ ಹೊದ್ದು ನಡುಗುವಾಗ ಅವಳು ಕಾಲುವೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡಿರುವಳು. ಸೆರಗು ತೋಯಿಸಿ ಎದೆಗೆ ಒತ್ತಿಕೊಳ್ಳುವಳು. ಮುಖ ಕೆಂಪೇರಿ ಬೆವರು ಇಳಿಯುತ್ತಿತ್ತು. ತಲೆ ಕೆಟ್ಟಿದೆ ಎಂದರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಮುದುಕಿ ತಾಯಿತ ತಂದು ಕಟ್ಟಿದಳು.

ನಾನು ಸುರಪುರದಲ್ಲಿ ಪಿಯುಸಿ ಓದುತ್ತಿದ್ದ ವರ್ಷ. ಬೆಳಗಿನ ಬಿಸಿಲಿಗೆ ದಂಡೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಕೆಳಗಿನ ಮೆಟ್ಟಿಲಲ್ಲಿ ಅವಳು.

"ಆ ನಿನ್ನ ಪುಸ್ತಕದಾಗ ನನ್ನ ಮೈಯಾಗಿನ ಬೆಂಕಿ ಸುದ್ದಿ ಬರದಾರೇನು?" ಎಂದಳು. ತಮಾಷೆಯಲ್ಲ.

ಅದೇ ಪಾಠ ಆಗತಾನೆ ಮುಗಿದಿತ್ತು, ಉಳಿದದ್ದನ್ನು ಕಾಲೇಜಿನ ಮೇಡಮ್ಮನ್ನು ಕೇಳಿ ತಿಳಿದುಕೊಂಡಿದ್ದೆ. ಹೇಳಿದೆ. "ತಲಿಯೊಳಗ ಕಾಳಿನಷ್ಟು ಗ್ರಂಥಿ ಅದ ಚಿಗವ್ವ. ಬೀಜ ತಯಾರ ಮಾಡು ಅಂತ ಅದು ಕೆಳಗಿನ ಅಂಡಾಶಯಕ್ಕ ಹೇಳಿ ಕಳಸ್ತದ. ಅಂಡಾಶಯ ತನ್ನ ರಸ ಬಿಟ್ಟು, ಆತು, ನಿನ್ನ ಮಾತು ಮುಟ್ಟೇದ ಅಂತ ತಿರುಗಿ ಹೇಳ್ತದ. ಆಗ ಮ್ಯಾಲಿನದು ಸುಮ್ಮನಾಗ್ತದ. ಆ ರಸಾನೇ ಇಲ್ಲಂದ್ರ ಮೈ ಕಾವಿನ ಹದ ತಪ್ತದ, ಬೆಂಕಿ ಎದ್ದಂಗ ಆಗ್ತದ."

ಅವಳು ಕಾಲಾಡಿಸುವುದನ್ನು ನಿಲ್ಲಿಸಿದಳು. "ಡ್ಯಾಮಿನಿಂದ ನಿಮ್ಮ ಕಾಕಾಗ ಹೇಳಿ ಕಳಸ್ತಾರಲ್ಲ, ಹಂಗ?"

"ಹೂಂ. ಹಂಗೇ."

"ನನ್ನವು ತಗದಾರಲ್ಲ. ಈಗ ತಿರುಗಿ ಹೇಳಾವರು ಯಾರು?"

"ಯಾರೂ ಇಲ್ಲ. ಅದಕ್ಕ ಮ್ಯಾಲಿನದು ಇನ್ನಾ ಜೋರು ಹೇಳಿ ಕಳಸ್ತದ..."

ಅವಳು ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಎರಚಿಕೊಂಡಳು. ಆಮೇಲೆ ತನಗೆ ತಾನೇ ಎಂಬಂತೆ, "ಅಂದ್ರ ಇನ್ನಾ ಕರಿಯಾಕತ್ತದ. ಓ ಅನ್ನಾಕ ಯಾರೂ ಇಲ್ಲ" ಎಂದಳು.

ಅವಳು ಅಷ್ಟಕ್ಕೆ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಖರೆ ಹೇಳು. ಆ ಗುಳಿಗಿ ನುಂಗಿದ್ದಕ್ಕ ಕೂಸು ನಿಲ್ಲಲಿಲ್ಲೇನು? ನಾನೇ ತಡದ್ನೇನು?" ಎಂದು ಕೇಳಿದಳು.

"ಇಲ್ಲ ಚಿಗವ್ವ. ಗುಳಿಗಿಗೂ ಅದಕ್ಕೂ ಏನೂ ಸಂಬಂಧ ಇಲ್ಲ" ಎಂದೆ. ಕಣ್ಣು ಪುಸ್ತಕದ ಮೇಲಿತ್ತು.

"ಸುಳ್ಳು ಹೇಳಾಕತ್ತಿ" ಎಂದಳು. ಸಿಟ್ಟಿರಲಿಲ್ಲ. ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಹೇಳು. ಚಲೋ ಅನಸ್ತದ" ಎಂದಳು. ಆ ಸುಳ್ಳಿಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅವಳಿಗೆ ನಿಜ ಹೇಳಬೇಕಾದ ಸಮಯ ಬೇರೆಯಿತ್ತು, ಹೇಳಬೇಕಾದವರೂ ಬೇರೆ ಇದ್ದರು.

ನಾನು ಪದವಿಗೆಂದು ಊರು ಬಿಟ್ಟ ಮೇಲೆ ಅವಳು ಬೇಗ ಬೇಗ ಮುದುಕಿಯಾದಳು. ಅತ್ತೆಗೂ ಸೊಸೆಗೂ ವಯಸ್ಸಿನ ಅಂತರವೇ ಕಾಣದಂತಾಯಿತು ಎಂದು ಅವ್ವ ಹೇಳುತ್ತಿದ್ದಳು. ಅಂಡಾಶಯದ ರಸವಿಲ್ಲದೆ ಎಲುಬು ಒಳಗೇ ಸವೆಯುತ್ತದೆ. ಒಂದು ಬೆಳಗ್ಗೆ ಕಾಲುವೆಯ ಮೆಟ್ಟಿಲಲ್ಲಿ ಕೊಡದೊಂದಿಗೆ ಜಾರಿದಳು. ತೊಡೆಯ ಎಲುಬು ಮುರಿಯಿತು. ಮತ್ತೆ ಏಳಲಿಲ್ಲ. ಮಲಗಿದಲ್ಲೇ ಅವಳ ಮೈ ಒರೆಸಿ, ಬಾಯಿಗೆ ಗಂಜಿ ಹಾಕಿದವಳು ಆ ಎರಡನೆಯ ಹೆಂಡತಿ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೂಡಿನಲ್ಲಿದ್ದ ಹಸಿರು ಬಳೆಗಳನ್ನು ಅವಳ ಜೊತೆಗೇ ಮಣ್ಣಿಗೆ ಇಟ್ಟೆ ಎಂದಳು ಅವ್ವ.

ಮೊನ್ನೆ ಅಂಗಡಿಯಲ್ಲಿ ಆ ಹೆಂಗಸು ಗುಳಿಗೆಗಳನ್ನು ಸೆರಗಿಗೆ ಕಟ್ಟುವಾಗ ನನಗೆ ತಡೆಯಲಾಗಲಿಲ್ಲ. "ಎಷ್ಟು ದಿನ ನುಂಗ್ತೀರವ್ವ?" ಎಂದೆ.

"ನೀರು ಇರೋ ತನಕ ರೀ ಮೇಡಮ್."

ಡಾಕ್ಟರರನ್ನು ಕೇಳದೆ ನುಂಗಬೇಡಿ, ತಿಂಗಳುಗಟ್ಟಲೆ ಬೇಡವೇ ಬೇಡ, ರಕ್ತ ಹೆಚ್ಚು ಹೋದರೆ ಚೀಲ ತೆಗೆಸಿ ಎನ್ನುವ ಮೊದಲ ಡಾಕ್ಟರರ ಮಾತಿಗೇ ಒಪ್ಪಬೇಡಿ, ದೊಡ್ಡ ಸರ್ಕಾರಿ ದವಾಖಾನೆಗೆ ಹೋಗಿ ಎಂದೆ. ನನ್ನ ದನಿ ಅಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಏರಿತ್ತು. ಅವಳು ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡಳು. "ಹೌದ್ರಿ, ಖರೆ ಅದ ರೀ. ಆದ್ರ ಮಾಲಕ ಕೇಳಂಗಿಲ್ಲಲ್ರಿ" ಎಂದಳು. ವಡಗೇರಾ ಬಸ್ಸು ಹೊರಟಿತ್ತು. ಓಡಿ ಹತ್ತಿದಳು. ಅವಳು ನಿಂತಿದ್ದ ಜಾಗದಲ್ಲಿ ಕೆಸರಿನ ಹೆಜ್ಜೆ ಉಳಿದಿತ್ತು. ಅಂಗಡಿಯ ಹುಡುಗ ನೀರು ಚಿಮುಕಿಸಿ ಅದನ್ನು ಒರೆಸಿದ.

ಮರುದಿನ ತರಗತಿಯಲ್ಲಿ ಅದೇ ಪಾಠ. ಹಲಗೆಯ ಮೇಲೆ ಮೆದುಳು ಬರೆದೆ, ಅಂಡಾಶಯ ಬರೆದೆ. ಮೇಲಿನಿಂದ ಕೆಳಕ್ಕೆ ಒಂದು ಬಾಣ, ಕೆಳಗಿನಿಂದ ಮೇಲಕ್ಕೆ ತಿರುಗಿ ಹೋಗುವ ಬಾಣ. ಆ ಎರಡನೆಯ ಬಾಣ ಬರೆಯುವಾಗ ಪ್ರತಿ ವರ್ಷವೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಯಾಕೆಂದು ಹುಡುಗಿಯರಿಗೆ ಗೊತ್ತಿಲ್ಲ. ಈ ಸಲ ಗುಳಿಗೆಯ ಮಾತನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ನಮ್ಮ ಅವ್ವನೂ ನುಂಗತಾಳ್ರಿ ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸಿದಳು.

ಊರಿಗೆ ಹೋದಾಗ ಈಗಲೂ ಬೆಳಗ್ಗೆ ಎಚ್ಚರವಾದೊಡನೆ ನನ್ನ ಕಿವಿ ಗೋಡೆಯ ಆಚೆಗೆ ಹೋಗುತ್ತದೆ. ಈಗ ಕರೆದರೆ ಸತಾಯಿಸುವುದಿಲ್ಲ, ಮೊದಲ ಕರೆಗೇ ಓ ಎನ್ನುತ್ತೇನೆ. ಕರೆಯುವವಳು ಇಲ್ಲ.